ಸಂಪಾದಕರ ಉತ್ತರ: ನನ್ನ ಪಟ್ಟಿಯಲ್ಲಿ ಎಂಡ್‌ಗೇಮ್ ಯಾಕಿಲ್ಲ

ಚಿತ್ರದುರ್ಗದಿಂದ ಕಾಲೇಜು ವಿದ್ಯಾರ್ಥಿಯೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಪರೀಕ್ಷೆ ಹತ್ತಿರ ಇದೆ, ಹೆಸರು ಹಾಕಿದರೆ ಮನೆಯಲ್ಲಿ ಬೈತಾರೆ ಎಂದಿದ್ದಾರೆ. ಹಾಕುವುದಿಲ್ಲ. ಪತ್ರದ ಸಾರ ಹೀಗಿದೆ: "ಸೂಪರ್‌ಹೀರೋ ಸಿನಿಮಾಗಳೆಲ್ಲ ಒಂದೇ ಥರ ಆಗುತ್ತಿವೆ ಅಂತ ಹೋದ ಸಂಚಿಕೆಯಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿರಿ. ನನ್ನ ಲೆಕ್ಕದಲ್ಲಿ ಅವೆಂಜರ್ಸ್: ಎಂಡ್‌ಗೇಮ್‌ಗಿಂತ ದೊಡ್ಡ ಸಿನಿಮಾ ಇಲ್ಲ. ಆಮೇಲೆ ದಿ ಡಾರ್ಕ್ ನೈಟ್, ಆಮೇಲೆ ಇನ್ಫಿನಿಟಿ ವಾರ್. ನಿಮ್ಮ ಇಷ್ಟದ್ದು ಯಾವುದು ಹೇಳಿ, ನುಣುಚಿಕೊಳ್ಳಬೇಡಿ. ಇನ್ನೊಂದು ವಿಷಯ. ಅಕ್ಕನ ಮಗನಿಗೆ ಹತ್ತು ವರ್ಷ, ರಜಕ್ಕೆ ಬರ್ತಿದ್ದಾನೆ. ಅವನಿಗೆ ಯಾವುದರಿಂದ ಶುರು ಮಾಡಿಸಲಿ?"

ಗೆಳೆಯರೇ,

ನುಣುಚಿಕೊಳ್ಳುವುದಿಲ್ಲ. ನನ್ನ ಇಷ್ಟದ್ದು ಸ್ಪೈಡರ್‌ಮ್ಯಾನ್ 2. 2004ರ ಸಿನಿಮಾ, ಸ್ಯಾಮ್ ರೈಮಿ ನಿರ್ದೇಶನ, ಟೋಬಿ ಮಗ್ವಾಯರ್ ನಾಯಕ. ಆಗ ನೀವಿನ್ನೂ ಹುಟ್ಟಿರಲಿಲ್ಲವೇನೋ.

ಅದು ಶುರುವಾಗುವುದೇ ಒಂದು ಪಿಜ್ಜಾ ಡೆಲಿವರಿಯಿಂದ. ಇಪ್ಪತ್ತೊಂಬತ್ತು ನಿಮಿಷದೊಳಗೆ ತಲುಪಿಸಬೇಕು ಅಂತ ಅಂಗಡಿಯವನ ಕರಾರು. ಸ್ಪೈಡರ್‌ಮ್ಯಾನ್ ವೇಷದ ಹಿಂದಿರುವ ಹುಡುಗ ಪೀಟರ್ ಪಾರ್ಕರ್ ಡಕೋಟಾ ಗಾಡಿಯಲ್ಲಿ ಹೊರಟು ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತಾನೆ. ಬೇರೆ ದಾರಿಯಿಲ್ಲದೆ ವೇಷ ತೊಟ್ಟು, ಡಬ್ಬಗಳನ್ನು ಹಿಡಿದು ಬಲೆಯ ಮೇಲೆ ಹಾರುತ್ತಾನೆ. ಆ ಕಟ್ಟಡದ ಪೊರಕೆ ಇಡುವ ಗೂಡಿನೊಳಗೆ ವೇಷ ಬದಲಿಸಿ ಹೊರಗೆ ಬರಬೇಕಾದರೆ ಪೊರಕೆಗಳು ಮೈಮೇಲೆ ಬೀಳುತ್ತವೆ. ಒಳಗೆ ತಳ್ಳುತ್ತಾನೆ, ಮತ್ತೆ ಬೀಳುತ್ತವೆ. ಕೌಂಟರಿನಲ್ಲಿ ಕೂತ ಹೆಂಗಸು ಮುಖದ ಒಂದು ಗೆರೆಯನ್ನೂ ಅಲುಗಿಸದೆ ಅವನನ್ನು ನೋಡುತ್ತಾಳೆ. ತಡವಾಯಿತು, ದುಡ್ಡು ಕೊಡಲ್ಲ ಅಂತಾಳೆ. ಕೆಲಸವೂ ಹೋಗುತ್ತೆ. ಲೋಕ ಉಳಿಸುವವನ ಪರಿಚಯ ನಮಗೆ ಆಗುವುದು ಹೀಗೆ.

ಮುಂದೆಯೂ ಅಷ್ಟೇ. ಮನೆ ಮಾಲೀಕ ಬಾಡಿಗೆಗೆ ಬಾಗಿಲಲ್ಲೇ ಕಾಯುತ್ತಾನೆ. ಮೇ ಚಿಕ್ಕಮ್ಮ ತಾನೇ ಸಾಲದ ಕಂತು ಕಟ್ಟಲಾಗದೆ ಮನೆ ಕಳೆದುಕೊಳ್ಳುವ ಹಂತದಲ್ಲಿದ್ದರೂ ಹುಟ್ಟಿದ ದಿನಕ್ಕೆ ಅಂತ ಅವನ ಕೈಗೆ ಇಪ್ಪತ್ತು ಡಾಲರ್ ತುರುಕುತ್ತಾಳೆ. ಅವನು ಬೇಡ ಅಂದರೆ ರೇಗುತ್ತಾಳೆ. ನಡುವೆ ಅವನ ಶಕ್ತಿ ಕೈಕೊಡುತ್ತೆ. ಎತ್ತರದ ಕಟ್ಟಡದ ಮೇಲಿಂದ ಇಳಿಯಲಾಗದೆ, ಸ್ಪೈಡರ್‌ಮ್ಯಾನ್ ವೇಷದಲ್ಲೇ ಲಿಫ್ಟ್ ಹತ್ತುತ್ತಾನೆ. ಒಳಗೊಬ್ಬ ಸಾಮಾನ್ಯ ಮನುಷ್ಯ, ಡ್ರೆಸ್ ಚೆನ್ನಾಗಿದೆ ಅಂತ ಹೊಗಳುತ್ತಾನೆ. ಸ್ವಲ್ಪ ಕೆರೆಯುತ್ತೆ ಅಂತ ಇವನು ಒಪ್ಪಿಕೊಳ್ಳುತ್ತಾನೆ. ಆಮೇಲೆ ಇಬ್ಬರೂ ಸುಮ್ನೆ ನಿಂತು ಮಹಡಿ ಎಣಿಸುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೇಕ್ ತಿನ್ನುವ ದೃಶ್ಯ. ಮಾಲೀಕನ ಮಗಳು, ಸಪೂರ ಹುಡುಗಿ, ಬಾಗಿಲು ತಟ್ಟಿ ಚಾಕೊಲೇಟ್ ಕೇಕ್ ಬೇಕಾ ಅಂತ ಕೇಳುತ್ತಾಳೆ. ಸರಿ ಅಂತಾನೆ. ಒಂದು ಲೋಟ ಹಾಲು? ಅದೂ ಸರಿ. ಅವನು ತಿನ್ನುತ್ತಾನೆ, ಅವಳು ನೋಡುತ್ತಾಳೆ. ಕತೆ ಒಂದಿಂಚೂ ಮುಂದೆ ಹೋಗುವುದಿಲ್ಲ. ಇವತ್ತಿನ ಎಡಿಟರ್ ಆಗಿದ್ದರೆ ಮೊದಲ ಕತ್ತರಿ ಅದಕ್ಕೇ ಬೀಳುತ್ತಿತ್ತು.

ಓಡುವ ರೈಲನ್ನು ನಿಲ್ಲಿಸುವ ದೃಶ್ಯ ನಿಮಗೂ ಗೊತ್ತಿರುತ್ತೆ. ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂದ ಸಿನಿಮಾ ಅದು. ಆದರೆ ನೆನಪಲ್ಲಿ ಉಳಿಯುವುದು ರೈಲು ನಿಂತ ಮೇಲೆ ನಡೆಯುವುದು. ಮುಖವಾಡವಿಲ್ಲದೆ ಪ್ರಜ್ಞೆ ತಪ್ಪಿದವನನ್ನು ಪ್ರಯಾಣಿಕರು ತಲೆಯ ಮೇಲಿಂದ ಕೈಯಿಂದ ಕೈಗೆ ದಾಟಿಸಿ ಕೆಳಗೆ ಮಲಗಿಸುತ್ತಾರೆ. ಇವನು ಇನ್ನೂ ಹುಡುಗ, ನನ್ನ ಮಗನಿಗಿಂತ ದೊಡ್ಡವನಲ್ಲ ಅಂತಾನೆ ಒಬ್ಬ.

ನನ್ನ ಅಳತೆಗೋಲು ಇಲ್ಲೇ ಇದೆ. ಪೀಟರ್‌ಗೆ ಇರುವ ಶಕ್ತಿಗೂ ಅವನಿಗಿರುವ ಕಷ್ಟಕ್ಕೂ ಸಂಬಂಧವೇ ಇಲ್ಲ. ಗೋಡೆ ಹತ್ತುತ್ತಾನೆ, ಬಾಡಿಗೆ ಕಟ್ಟಲಾರ. ನನಗೆ ಹಿಡಿಸಿದ ಸೂಪರ್‌ಹೀರೋ ಸಿನಿಮಾಗಳಲ್ಲೆಲ್ಲ ಈ ಪೇಚಾಟ ಒಂದಲ್ಲ ಒಂದು ರೀತಿ ಇದ್ದೇ ಇದೆ. ಅದು ಇಲ್ಲದ ಕಡೆ ಕೊನೆಗೆ ಆಕಾಶಕ್ಕೊಂದು ಬೆಳಕಿನ ಕಂಬ ಏಳುತ್ತೆ, ಹೆಸರಿಲ್ಲದ ಬೂದು ಬಣ್ಣದ ಸೈನ್ಯ ಇಳಿಯುತ್ತೆ, ಕಟ್ಟಡಗಳು ಬೀಳುತ್ತವೆ. ಒಂದೇ ಥರ ಆಗುತ್ತಿವೆ ಅಂತ ಬರೆದದ್ದು ಇದನ್ನೇ. ಆ ಮಾತು ವಾಪಸ್ ತಗೊಳ್ಳಲ್ಲ.

ಈಗ ನಿಮ್ಮ ಪಟ್ಟಿಗೆ ಬರೋಣ. ಡಾರ್ಕ್ ನೈಟ್ ಬಗ್ಗೆ ನಮ್ಮಿಬ್ಬರಿಗೂ ಜಗಳವಿಲ್ಲ. ಬ್ಯಾಟ್‌ಮ್ಯಾನ್‌ನ ಎದುರಾಳಿ ಜೋಕರ್ ಆದ ಹೀತ್ ಲೆಜರ್ 2008ರ ಜನವರಿಯಲ್ಲಿ ತೀರಿಕೊಂಡರು, ಸಿನಿಮಾ ಬಂದದ್ದು ಜುಲೈನಲ್ಲಿ, ಆಸ್ಕರ್ ಬಂದದ್ದು ಮರುವರ್ಷ. ಅವರ ನಟನೆಯ ಬಗ್ಗೆ ಎಲ್ಲರೂ ಬರೆದಾಗಿದೆ. ನಾನು ಎರಡು ದೋಣಿಗಳ ದೃಶ್ಯದ ಬಗ್ಗೆ ಹೇಳುತ್ತೇನೆ. ಒಂದರಲ್ಲಿ ಊರಿನ ಜನ, ಇನ್ನೊಂದರಲ್ಲಿ ಕೈದಿಗಳು. ಎರಡರಲ್ಲೂ ಜೋಕರ್ ಇಟ್ಟ ಬಾಂಬು. ಇವರ ದೋಣಿ ಸಿಡಿಸುವ ಗುಂಡಿ ಅವರ ಕೈಯಲ್ಲಿ, ಅವರದ್ದು ಇವರ ಕೈಯಲ್ಲಿ. ಮೊದಲು ಒತ್ತಿದವರು ಉಳಿಯುತ್ತಾರೆ, ಯಾರೂ ಒತ್ತದಿದ್ದರೆ ಎರಡೂ ಸಿಡಿಯುತ್ತವೆ. ಊರಿನ ಸಭ್ಯರು ಚೀಟಿ ಹಾಕಿ ವೋಟು ಎಣಿಸುತ್ತಾ ಕೂರುತ್ತಾರೆ. ಆ ಕಡೆ ಬೆಟ್ಟದಂಥ ಕೈದಿಯೊಬ್ಬ ಎದ್ದು ಬಂದು, ನೀನು ಹತ್ತು ನಿಮಿಷದ ಹಿಂದೆಯೇ ಮಾಡಬೇಕಿದ್ದನ್ನು ನಾನು ಮಾಡ್ತೀನಿ ಕೊಡು ಅಂತ ಅಧಿಕಾರಿಯ ಕೈಯಿಂದ ಆ ಗುಂಡಿ ಇಸಕೊಳ್ಳುತ್ತಾನೆ. ಕಿಟಕಿಯಿಂದಾಚೆ ನೀರಿಗೆ ಎಸೆಯುತ್ತಾನೆ. ಹೋಗಿ ಮತ್ತೆ ತನ್ನ ಜಾಗದಲ್ಲಿ ಕೂರುತ್ತಾನೆ. ಆ ದೋಣಿಗಳಲ್ಲಿ ಬ್ಯಾಟ್‌ಮ್ಯಾನ್ ಇಲ್ಲ, ಜೋಕರ್ ಕೂಡ ಇಲ್ಲ. ಜೀವಭಯ ಬಂದರೆ ಮನುಷ್ಯ ಎಷ್ಟು ಕೆಳಗಿಳಿಯುತ್ತಾನೆ ಅನ್ನುವ ಇಡೀ ಸಿನಿಮಾದ ಪ್ರಶ್ನೆಗೆ ಉತ್ತರ ಕೊಟ್ಟವನಿಗೆ ಒಂದು ಹೆಸರೂ ಇಲ್ಲ. ಕ್ರಿಸ್ಟೋಫರ್ ನೋಲನ್ ಬೇರೆ ಸಿನಿಮಾಗಳಲ್ಲಿ ಲೆಕ್ಕಾಚಾರ ಜಾಸ್ತಿ ಮಾಡುತ್ತಾರೆ ಅನ್ನೋದು ನನ್ನ ತಕರಾರು, ಆದರೆ ಇಲ್ಲಿ ಆ ಲೆಕ್ಕ ಸರಿಯಾಗಿ ಕೂತಿದೆ.

ಎಂಡ್‌ಗೇಮ್ ವಿಷಯದಲ್ಲಿ ನೀವು ಕೋಪ ಮಾಡಿಕೊಳ್ಳಬಾರದು. ಕ್ಯಾಪ್ಟನ್ ಅಮೆರಿಕ ಥಾರ್‌ನ ಸುತ್ತಿಗೆ ಎತ್ತಿದಾಗ ನಾನೂ ಥಿಯೇಟರಿನಲ್ಲಿ ಕೂಗಿದವನೇ. ಆ ಸುತ್ತಿಗೆಯನ್ನು ಅರ್ಹನಾದವನು ಮಾತ್ರ ಎತ್ತಬಲ್ಲ ಅಂತ 2011ರಲ್ಲಿ ಹೇಳಿ, 2015ರಲ್ಲಿ ಕ್ಯಾಪ್ಟನ್ ಕೈಯಲ್ಲಿ ಕೂದಲೆಳೆಯಷ್ಟು ಅಲುಗಾಡಿಸಿ, 2019ರಲ್ಲಿ ಎತ್ತಿಸಿದರು. ಅಷ್ಟು ವರ್ಷ ತಾಳ್ಮೆಯಿಂದ ಕಾಯಿಸುವುದು ಸಣ್ಣ ಕೆಲಸವಲ್ಲ. ಆದರೆ ಅದು 2008ರ ಐರನ್ ಮ್ಯಾನ್‌ನಿಂದ ಶುರುವಾದ ಸಾಲಿನಲ್ಲಿ ಇಪ್ಪತ್ತೆರಡನೆಯ ಸಿನಿಮಾ. ಹಿಂದಿನವನ್ನು ನೋಡದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಮೂರು ಗಂಟೆ ನಿಮ್ಮ ಕಿವಿ ತಿನ್ನುತ್ತಾರೆ. ಯಾರಿವನು? ಅವಳು ಯಾಕೆ ಅಳ್ತಿದ್ದಾಳೆ? ನನಗೆ ಎಂಡ್‌ಗೇಮ್ ಅಂದರೆ ಜಾತ್ರೆಗೆ ಹೋಗಿ ಬಂದ ಹಾಗೆ. ಖುಷಿಯೇನೋ ನಿಜ. ಆದರೆ ತೇರು ಹೇಗಿತ್ತು ಅಂತ ಕೇಳಿದರೆ, ಅಬ್ಬಾ ಏನು ಜನ ಅಂತೀವಿ. ಅದರಲ್ಲೂ ನನಗೆ ಬೇಕಾದ್ದು ಸಿಕ್ಕಿದ್ದು ಕೊನೆಯ ಯುದ್ಧದಲ್ಲಲ್ಲ. ಐರನ್ ಮ್ಯಾನ್ ಆದ ಟೋನಿ ಸ್ಟಾರ್ಕ್ ಕಾಲದಲ್ಲಿ ಹಿಂದಕ್ಕೆ 1970ಕ್ಕೆ ಹೋಗಿ, ಇನ್ನೇನು ಅಪ್ಪನಾಗಲಿರುವ ತನ್ನ ಅಪ್ಪನ ಜೊತೆ ಮಾತಾಡುತ್ತಾನಲ್ಲ, ಅಲ್ಲಿ. ಮಗುವನ್ನು ಹೇಗೆ ಬೆಳೆಸಬೇಕೋ ಅಂತ ಹೆದರಿದ ಗಂಡಸಿಗೆ, ಅದೇ ಮಗು ಎದುರು ನಿಂತು ಧೈರ್ಯ ಹೇಳುತ್ತದೆ.

ಇನ್ಫಿನಿಟಿ ವಾರ್ ನನ್ನ ಪ್ರಕಾರ ಎಂಡ್‌ಗೇಮ್‌ಗಿಂತ ಒಂದು ಮೆಟ್ಟಿಲು ಮೇಲೆ. ಖಳನನ್ನು ಗೆಲ್ಲಿಸಿ ಮನೆಗೆ ಕಳಿಸುವ ಧೈರ್ಯ ಅಷ್ಟು ದುಡ್ಡು ಸುರಿದ ಸಿನಿಮಾಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಹಳೆಯದೊಂದು ಹೇಳಲೇಬೇಕು. 1978ರ ಸೂಪರ್‌ಮ್ಯಾನ್, ರಿಚರ್ಡ್ ಡಾನರ್ ಅವರದ್ದು. ಮನುಷ್ಯ ಹಾರುತ್ತಾನೆ ಅಂತ ನಂಬಿಸಲು ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ಅವರು ಪಟ್ಟ ಪಾಡಿಗೆ ವಿಶೇಷ ಆಸ್ಕರ್ ಕೊಟ್ಟರು. ನಾನು ಮತ್ತೆ ಮತ್ತೆ ಹಾಕಿ ನೋಡುವುದು ಮಾತ್ರ ಎರಡೂ ಕಾಲು ನೆಲದ ಮೇಲಿರುವ ದೃಶ್ಯವನ್ನು. ಸೂಪರ್‌ಮ್ಯಾನ್ ಮನಸೋತ ಲೋಯಿಸ್ ಒಳಗೆ ಹೋಗಿದ್ದಾಳೆ. ಸಾಮಾನ್ಯ ಮನುಷ್ಯನ ವೇಷದಲ್ಲಿ ಕ್ಲಾರ್ಕ್ ಕೆಂಟ್ ಆಗಿರುವ ಅವನು ಹಾಲ್‌ನಲ್ಲಿ ಒಬ್ಬನೇ. ಗುಟ್ಟು ಹೇಳಿಬಿಡೋಣ ಅಂತ ಕನ್ನಡಕ ತೆಗೆಯುತ್ತಾನೆ. ಬೆನ್ನು ನೆಟ್ಟಗಾಗುತ್ತೆ, ಭುಜ ಅಗಲವಾಗುತ್ತೆ, ಗಂಟಲು ಗಟ್ಟಿಯಾಗುತ್ತೆ. ನಮ್ಮ ಕಣ್ಣೆದುರೇ ಅವನು ಎತ್ತರ ಆದಂತೆ ಕಾಣುತ್ತದೆ. ಅಷ್ಟರಲ್ಲಿ ಧೈರ್ಯ ಸಾಲದೆ ಕನ್ನಡಕ ಹಾಕಿಕೊಳ್ಳುತ್ತಾನೆ, ಮೈ ಮುದುಡುತ್ತೆ, ಹಳೆಯ ತೊದಲು ವಾಪಸ್. ಎಫೆಕ್ಟ್ಸ್ ಅಂತ ಏನೂ ಇಲ್ಲ, ಕ್ರಿಸ್ಟೋಫರ್ ರೀವ್ ಅವರ ಬೆನ್ನುಮೂಳೆ ಒಂದೇ. ಕನ್ನಡಕ ಹಾಕಿದ ಮಾತ್ರಕ್ಕೆ ಗುರುತು ಸಿಗಲ್ವಾ ಅಂತ ಗೇಲಿ ಮಾಡುವವರಿಗೆ ಆ ದೃಶ್ಯ ತೋರಿಸಿ.

ಲೋಗನ್ (2017) ಬಗ್ಗೆ ಜಾಸ್ತಿ ಹೇಳಲ್ಲ, ನೀವೇ ನೋಡಿ. ಬಾಡಿಗೆ ಕಾರು ಓಡಿಸಿ ಹೊಟ್ಟೆ ಹೊರೆಯುವ ವಯಸ್ಸಾದ ಸೂಪರ್‌ಹೀರೋ ವುಲ್ವರಿನ್, ಮರೆವಿನ ಕಾಯಿಲೆ ಹಿಡಿದ ತನ್ನ ಹಳೆಯ ಗುರು ಪ್ರೊಫೆಸರ್‌ಗೆ ಕದ್ದುಮುಚ್ಚಿ ಔಷಧಿ ತರುತ್ತಾನೆ. ಅಕ್ಷರ ಓದಲು ಅವನಿಗೂ ಕನ್ನಡಕ ಬೇಕು. ಹಿರಿಯರನ್ನು ಎತ್ತಿ ಮಲಗಿಸಿದ ಅನುಭವ ಇರುವ ಯಾರಿಗಾದರೂ ಆ ಇಬ್ಬರ ಬೈದಾಟ ಗುರುತು ಹತ್ತುತ್ತದೆ.

ನಮ್ಮ ಕಡೆಯದ್ದೂ ಒಂದಿದೆ. ಮಿನ್ನಲ್ ಮುರಳಿ, 2021ರ ಮಲಯಾಳಂ ಸಿನಿಮಾ. ಬೇಸಿಲ್ ಜೋಸೆಫ್ ನಿರ್ದೇಶನ, ನೆಟ್‌ಫ್ಲಿಕ್ಸ್‌ನಲ್ಲಿ ಕನ್ನಡದಲ್ಲೂ ಬಂತು. ಹಳ್ಳಿಯ ಟೈಲರ್ ಜೈಸನ್‌ಗೆ ಅಮೆರಿಕಕ್ಕೆ ಹೋಗುವ ಹುಚ್ಚು. ಅದೇ ಊರಿನ ಟೀ ಅಂಗಡಿಯಲ್ಲಿ ದುಡಿಯುವ ಶಿಬುವನ್ನು ಜನ ಹುಚ್ಚ ಅಂತಲೇ ಕರೆಯುವುದು. ಒಂದೇ ರಾತ್ರಿ ಇಬ್ಬರಿಗೂ ಸಿಡಿಲು ಹೊಡೆಯುತ್ತೆ. ಒಬ್ಬ ನಾಯಕ ಆಗುತ್ತಾನೆ, ಇನ್ನೊಬ್ಬ ಖಳ. ಟೊವಿನೊ ಥಾಮಸ್ ಚೆನ್ನಾಗಿದ್ದಾರೆ, ಆದರೆ ಸಿನಿಮಾ ಶಿಬು ಪಾತ್ರದ ಗುರು ಸೋಮಸುಂದರಂ ಅವರದ್ದು. ಉಷಾಳಿಗಾಗಿ ಇಪ್ಪತ್ತೆಂಟು ವರ್ಷ ಕಾದವನು ಅವನು. ಕೊನೆಗೂ ಅವಳು ಒಪ್ಪಿದಾಗ ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯುವುದಿಲ್ಲ. ಆ ಹೊತ್ತಿಗೆ ಇವನು ಗೆಲ್ಲಲಿ ಅಂತ ಅನಿಸುತ್ತೆ, ಮುಂದೆ ಅವನು ಊರಿಗೇ ಬೆಂಕಿ ಇಡುವವನು ಅಂತ ಅಂದಾಜಿದ್ದರೂ.

ಕಳೆದ ವರ್ಷಗಳಲ್ಲಿ ಮಲಯಾಳಂನವರು ಈ ದಾರಿಯಲ್ಲಿ ತುಂಬಾ ದೂರ ಹೋದರು. 2025ರ ಲೋಕಾ ನಡೆಯುವುದು ಬೆಂಗಳೂರಿನಲ್ಲೇ. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಅದರಲ್ಲಿದ್ದ ಒಂದು ಮಾತಿಗೆ ನಮ್ಮವರು ಸಿಟ್ಟಾದರು, ನಿರ್ಮಾಪಕರು ಕ್ಷಮೆ ಕೇಳಿದರು. ಸಿಟ್ಟು ಸರಿಯೇ. ಆದರೆ ನಮ್ಮ ರಾಜಧಾನಿಗೆ ಸೂಪರ್‌ಹೀರೋ ಒಬ್ಬಳನ್ನು ಪಕ್ಕದ ರಾಜ್ಯದವರು ತಂದು ಇಳಿಸಬೇಕಾಯಿತಲ್ಲ ಅನ್ನೋದು ನನ್ನ ಹೊಟ್ಟೆಯುರಿ. ಬಾಡಿಗೆ, ಟ್ರಾಫಿಕ್, ಅಡ್ವಾನ್ಸ್ ವಾಪಸ್ ಕೊಡದ ಮಾಲೀಕ, ಎಲ್ಲ ಸಾಮಾನೂ ನಮ್ಮಲ್ಲೇ ಬಿದ್ದಿದೆ.

ಅಕ್ಕನ ಮಗನ ವಿಷಯ. ಸ್ಪೈಡರ್‌ಮ್ಯಾನ್: ಇನ್‌ಟು ದಿ ಸ್ಪೈಡರ್‌ವರ್ಸ್ ಹಾಕಿ. 2018ರ ಅನಿಮೇಷನ್, ಅದಕ್ಕೂ ಆಸ್ಕರ್ ಬಂದಿದೆ. ಶುರುವಿನಲ್ಲಿ, ಹೊಸದಾಗಿ ಸ್ಪೈಡರ್‌ಮ್ಯಾನ್ ಆದ ಹುಡುಗ ಮೈಲ್ಸ್‌ನ ಚಲನೆಗೆ ಸೆಕೆಂಡಿಗೆ ಹನ್ನೆರಡು ಚಿತ್ರ, ಪಳಗಿದ ಪೀಟರ್‌ಗೆ ಇಪ್ಪತ್ನಾಲ್ಕು. ಅದಕ್ಕೇ ಕಾಡಿನಲ್ಲಿ ಇಬ್ಬರೂ ಒಟ್ಟಿಗೆ ಹಾರುವಾಗ ಹುಡುಗ ತಡವರಿಸುವ ಹಾಗೆ ಕಾಣುತ್ತಾನೆ. ಅಕ್ಕನ ಮಗನಿಗೆ ಇದನ್ನು ಮೊದಲೇ ಹೇಳಬೇಡಿ, ಕಂಡುಹಿಡಿಯುತ್ತಾನಾ ನೋಡಿ. ಬಾಯಿಗೆ ಬಲೆ ಮೆತ್ತಿ ಕುರ್ಚಿಗೆ ಕಟ್ಟಿಹಾಕಿದ ಮೈಲ್ಸ್, ಬಾಗಿಲಾಚೆ ನಿಂತು ಮಾತಾಡುವ ಅಪ್ಪನಿಗೆ ಉತ್ತರಿಸಲಾಗದೆ ಒದ್ದಾಡುವ ದೃಶ್ಯ ಬಂದಾಗ ನೀವೇ ಕರವಸ್ತ್ರ ಹುಡುಕಬಹುದು.

ಎರಡನೆಯ ಭಾಗ 2023ರಲ್ಲಿ ನಮ್ಮಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಂತು. ಅದರಲ್ಲೊಬ್ಬ ಭಾರತದ ಸ್ಪೈಡರ್‌ಮ್ಯಾನ್ ಇದ್ದಾನೆ, ಪವಿತ್ರ್ ಪ್ರಭಾಕರ್. ಚಾಯ್ ಟೀ ಅನ್ನುವವರ ಮೇಲೆ ರೇಗುತ್ತಾನೆ. ಆದರೆ ಅದು ಕತೆಯ ನಡುವಿನಲ್ಲೇ ನಿಂತುಬಿಡುತ್ತೆ, ಹುಡುಗ ಊರಿಗೆ ಹೊರಡುವ ಹಿಂದಿನ ರಾತ್ರಿ ಹಾಕಬೇಡಿ.

ಲೋಗನ್‌ಗೆ ಎ ಸರ್ಟಿಫಿಕೇಟ್ ಇದೆ, ಅದು ನಿಮಗಷ್ಟೇ. ಡಾರ್ಕ್ ನೈಟ್ ಕೂಡ ಇನ್ನೊಂದಷ್ಟು ವರ್ಷ ಕಾಯಲಿ. ಮೇಜಿನ ಮೇಲೆ ನೆಟ್ಟ ಪೆನ್ಸಿಲ್‌ಗೆ ಒಬ್ಬನ ತಲೆ ಗುದ್ದಿ ಜೋಕರ್ ಆ ಪೆನ್ಸಿಲ್ ಮಾಯ ಮಾಡುವ ದೃಶ್ಯ ನೆನಪಿದೆ ಅಲ್ವಾ? ಹತ್ತು ವರ್ಷದ ಹುಡುಗ ಇರುವ ಮನೆಯಲ್ಲಿ ಪೆನ್ಸಿಲ್‌ಗೇನೂ ಬರ ಇರುವುದಿಲ್ಲ.

– ಸಂಪಾದಕ