ಲಾರಾವೆಲ್: ಸರ್ವರ್‌ನಲ್ಲಿ ಎನ್ವ್ ಫೈಲ್ ಬದಲಿಸಿದರೂ ಹಳೆ ಡೇಟಾಬೇಸ್
ಲಾರಾವೆಲ್ (ಪಿಎಚ್‌ಪಿ ವೆಬ್ ಫ್ರೇಮ್‌ವರ್ಕ್) ಸೈಟ್ ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆ, ಸರ್ವರ್‌ನಲ್ಲಿ ಮಾತ್ರ ಎನ್ವ್ ಫೈಲ್ (ಡೇಟಾಬೇಸ್ ಹೆಸರಿನಂಥ ಸೆಟ್ಟಿಂಗ್‌ಗಳಿರುವ ಫೈಲ್) ಬದಲಿಸಿದರೂ ಹಳೆ ಡೇಟಾಬೇಸೇ ಬರುತ್ತಿದೆ ಅಂದರೆ, ಬಹುಶಃ ಕಾನ್ಫಿಗ್ ಕ್ಯಾಶ್ (ಸೆಟ್ಟಿಂಗ್‌ಗಳನ್ನು ಒಟ್ಟುಮಾಡಿ ಉಳಿಸಿಟ್ಟ ಪ್ರತಿ) ಕಾರಣ. ಒಮ್ಮೆ ಕ್ಯಾಶ್ ಮಾಡಿದರೆ ಲಾರಾವೆಲ್ ಎನ್ವ್ ಫೈಲ್ ಓದುವುದೇ ಇಲ್ಲ. ಬೂಟ್‌ಸ್ಟ್ರಾಪ್ ಒಳಗಿನ ಕ್ಯಾಶ್ ಫೋಲ್ಡರ್‌ನಲ್ಲಿ ಕಾನ್ಫಿಗ್ ಫೈಲ್ ತೆರೆದು ನೋಡಿ, ಹಳೆ ಹೆಸರು ಅಲ್ಲೇ ಕೂತಿರುತ್ತದೆ.

ಮೊದಲು ‘ಪಿಎಚ್‌ಪಿ ಆರ್ಟಿಸನ್ ಕಾನ್ಫಿಗ್:ಕ್ಲಿಯರ್’ ಕೊಡಿ. ಸರಿಹೋಯಿತಾ? ಆದರೂ ತಕ್ಷಣ ಮತ್ತೆ ಕ್ಯಾಶ್ ಮಾಡಬೇಡಿ. ಕಂಟ್ರೋಲರ್‌ಗಳಲ್ಲಿ ‘ಎನ್ವ್()’ ಅಂತ ನೇರವಾಗಿ ಕರೆದಿದ್ದರೆ, ಕ್ಯಾಶ್ ಆದ ಮೇಲೆ ಅದು ನಲ್ (ಖಾಲಿ ಮೌಲ್ಯ) ಕೊಡುತ್ತದೆ. ದಾವಣಗೆರೆಯ ಮಂಡಕ್ಕಿ ಅಂಗಡಿಯೊಂದರ ಸೈಟ್‌ನಲ್ಲಿ ನನಗೆ ಹೀಗೇ ಆಗಿ, ಆರ್ಡರ್ ಮೆಸೇಜ್‌ಗಳೇ ಹೋಗುತ್ತಿರಲಿಲ್ಲ. ಆ ‘ಎನ್ವ್()’ ಕರೆಗಳನ್ನೆಲ್ಲ ಕಾನ್ಫಿಗ್ ಫೋಲ್ಡರ್‌ನ ಫೈಲ್‌ಗೆ ಸರಿಸಿ, ಕೋಡ್‌ನಲ್ಲಿ ‘ಕಾನ್ಫಿಗ್()’ ಬಳಸಿ. ಆಮೇಲೆ ‘ಕಾನ್ಫಿಗ್:ಕ್ಯಾಶ್’ ಕೊಡಿ.

ಕ್ಯೂ ವರ್ಕರ್ (ಹಿನ್ನೆಲೆಯಲ್ಲಿ ಕೆಲಸಗಳನ್ನು ಮಾಡುವ ಪ್ರಕ್ರಿಯೆ) ಓಡುತ್ತಿದ್ದರೆ ‘ಕ್ಯೂ:ರೀಸ್ಟಾರ್ಟ್’ ಕೂಡ ಬೇಕು, ಇಲ್ಲದಿದ್ದರೆ ಅದು ಹಳೆಯದನ್ನೇ ಹಿಡಿದುಕೊಂಡಿರುತ್ತದೆ.