ಕೆರೆಯ ನೀರು ಕುಡಿದು ಕಡಲನ್ನಷ್ಟೇ ಹೊಗಳುವುದೆ?

ಡೊಂಬಿವಲಿಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: “ಕೆಲವು ಸಂಚಿಕೆಗಳಿಂದ ನಿಮ್ಮ ನೆನಪಿನ ಅಂಕಣದಲ್ಲಿ ಕೆರೆಯ ಬರಹಗಳೇ ತುಂಬಿವೆ. ಒಬ್ಬರಿಗೆ ಕಾರ್ಕಳದ ಆನೆಕೆರೆ, ಇನ್ನೊಬ್ಬರಿಗೆ ಧಾರವಾಡದ ಸಾಧನಕೇರಿ. ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ನಮಗೆ ಕಣ್ಣೆದುರು ಇಷ್ಟು ದೊಡ್ಡ ಸಮುದ್ರವಿರುವಾಗ ಬಿಟ್ಟುಬಂದ ಊರಿನ ನಿಂತ ನೀರೇಕೆ? ಕೆರೆ ಸಾಕು, ಸಮುದ್ರವನ್ನು ಬರೆಯಿಸಿ.”

ಮಾನ್ಯರೇ, ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಒಂದು ಪತ್ರಿಕೆಯ ಅಂಕಣಕ್ಕಾಗಿ ಕೈಬರಹದಲ್ಲಿ ಪುಟಗಟ್ಟಲೆ ಜಗಳವಾಡುವ ಓದುಗರು ಇರುವವರೆಗೆ ಹೊರನಾಡಿನಲ್ಲಿ ಕನ್ನಡಕ್ಕೆ ಭಯವಿಲ್ಲ. ಸಮುದ್ರದ ಪರವಾಗಿ ನೀವು ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ಮೀನುಗಾರರಾದ ನಮ್ಮ ಮೊಗವೀರರ ಬದುಕೇ ಸಮುದ್ರ. ಕಾದಂಬರಿಕಾರ ಯಶವಂತ ಚಿತ್ತಾಲರು ಬಾಂದ್ರಾದಲ್ಲಿ ಕಡಲಿಗೆ ಎದುರಾಗಿ ಕುಳಿತು ಬರೆದರು. ಇಷ್ಟನ್ನು ಒಪ್ಪುತ್ತೇನೆ. ಆದರೆ ಅಂಕಣ ನಿಲ್ಲುವುದಿಲ್ಲ.

‘ನಿಂತ ನೀರು’ ಎಂದಿರಲ್ಲ, ಅದು ನನಗೆ ನೋವು ಕೊಟ್ಟಿತು. ಏರಿ, ತೂಬು, ಕೋಡಿ ಈ ಮೂರನ್ನೂ ಬಲ್ಲವರು ಹಾಗೆ ಹೇಳಲಾರರು. ತೂಬು ಎತ್ತಿದರೆ ನೀರು ಗದ್ದೆಗೆ ಇಳಿಯುತ್ತದೆ, ಕೋಡಿ ಬಿದ್ದರೆ ಕೆಳಗಿನ ಊರಿನ ಕೆರೆಗೆ ಹರಿಯುತ್ತದೆ. ಯಾರ ಗದ್ದೆಗೆ ಮೊದಲು, ಯಾರಿಗೆ ಆಮೇಲೆ ಎಂಬ ನ್ಯಾಯ ಅದೇ ಏರಿಯ ಮೇಲೆ ತೀರ್ಮಾನವಾಗುತ್ತಿತ್ತು. ಸಮುದ್ರವನ್ನು ಯಾರೂ ಕಟ್ಟಿಸಲಿಲ್ಲ. ಕೆರೆಯನ್ನು ಒಬ್ಬರು ಕಟ್ಟಿಸಿದರು, ಹಲವರು ಅಗೆದರು, ಅದಕ್ಕೊಂದು ಹೆಸರು ಬಂತು, ಅದು ಒಡೆದರೆ ಉತ್ತರ ಹೇಳಬೇಕಾದವರು ಊರಿನಲ್ಲೇ ಇದ್ದರು. ನಮ್ಮ ಸಾಹಿತ್ಯದಲ್ಲಿ ಕೆರೆ ಚಂದದ ಹಿನ್ನೆಲೆಯಾಗಿ ಬರುವುದು ಕಡಿಮೆ, ಲೆಕ್ಕ ಕೇಳುವ ಜಾಗವಾಗಿ ಬರುವುದೇ ಹೆಚ್ಚು ಎಂದು ನಾನು ಬಹುಕಾಲದಿಂದ ನಂಬಿದ್ದೇನೆ.

ಯಕ್ಷಪ್ರಶ್ನೆಯನ್ನೇ ನೋಡಿ. ಬಾಯಾರಿ ಬಂದ ನಾಲ್ವರು ಪಾಂಡವರು ಕೊಳದ ದಡದಲ್ಲಿ ಸತ್ತು ಬಿದ್ದದ್ದು ಆ ನೀರಿಗೆ ಒಡೆಯನಿದ್ದಾನೆ, ಅವನ ಪ್ರಶ್ನೆಗೆ ಉತ್ತರ ಹೇಳದೆ ಕುಡಿಯುವಂತಿಲ್ಲ ಎಂಬುದನ್ನು ಲೆಕ್ಕಿಸದೆ ಇದ್ದದ್ದಕ್ಕೆ. ಕೆರೆಗೆ ಹಾರವಾದ ಭಾಗೀರಥಿಯ ಕಥೆ ನಮ್ಮ ಹೆಂಗಸರು ಕುಟ್ಟುತ್ತ ಬೀಸುತ್ತ ಹಾಡಿಕೊಂಡು ಬಂದದ್ದು. ಮಾವ ಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಕಿರಿಯ ಸೊಸೆಯನ್ನು ಬಲಿ ಕೊಡುತ್ತಾರೆ. ಅವಳು ಒಂದೊಂದೇ ಮೆಟ್ಟಿಲು ಏರುವಾಗ ನೀರೂ ಅವಳೊಂದಿಗೆ ಏರುತ್ತದೆ. ದಂಡಿನಿಂದ ಓಡಿಬಂದ ಗಂಡನೂ ಅದೇ ಕೆರೆಗೆ ಹಾರುತ್ತಾನೆ. ಊರಿನ ಉಪಕಾರಕ್ಕೆ ಯಾರ ಮನೆಯ ಹೆಣ್ಣುಮಗಳು ಬೆಲೆ ತೆತ್ತಳು ಎಂಬುದನ್ನು ಇಷ್ಟು ನೇರವಾಗಿ ಕೇಳುವ ಕಡಲಿನ ಹಾಡೊಂದನ್ನು ನನಗೆ ತೋರಿಸಿ, ಮುಖಪುಟದಲ್ಲೇ ಹಾಕುತ್ತೇನೆ.

ಇನ್ನು ರನ್ನನ ‘ಗದಾಯುದ್ಧ’. ಭೀಷ್ಮರ ಮಾತಿನಂತೆ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂರುತ್ತಾನೆ. ದಡದಲ್ಲಿ ನಿಂತು ಭೀಮ ಗರ್ಜಿಸುತ್ತಾನೆ. ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ.’ ನೀರಿನೊಳಗೆ ಇದ್ದೂ ಬೆವರಿದ! ಸಾವಿರ ವರ್ಷಗಳಾದರೂ ಈ ಸಾಲಿನ ಬಿಸಿ ಆರಿಲ್ಲ. ಇದು ಸಮುದ್ರದಲ್ಲಿ ನಡೆಯಲಾರದು. ಸಮುದ್ರಕ್ಕೆ ಇಳಿದವನನ್ನು ದಡದಲ್ಲಿ ನಿಂತು ಹಂಗಿಸಿದರೆ ಮಾತು ಅಲೆಗಳಿಗೆ ಹೋಗುತ್ತದೆ, ಅವನಿಗೆ ತಲುಪುವುದಿಲ್ಲ. ಒಳಗಿರುವವನಿಗೆ ಹೊರಗಿನವನ ಕೂಗು ಕೇಳಿಸುವಷ್ಟೇ ಅಗಲ ಕೆರೆಗೆ ಇರುವುದರಿಂದ ಆ ಬೆವರು ಸಾಧ್ಯವಾಯಿತು. ಮುಲುಂಡಿನ ಸಭಾಗೃಹದಲ್ಲಿ ಒಮ್ಮೆ ಯಕ್ಷಗಾನದ ಗದಾಪರ್ವ ನೋಡಿದ್ದೆ. ಕೌರವನ ವೇಷಧಾರಿ ಭೀಮನ ಮಾತು ಮುಗಿಯುವವರೆಗೆ ಏನೂ ಹೇಳದೆ ತಲೆ ತಗ್ಗಿಸಿ ಕುಳಿತಿದ್ದರು. ರಂಗದ ಮೇಲೆ ಒಂದು ಹನಿ ನೀರಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಹೋಟೆಲ್ ಕೆಲಸದ ಹುಡುಗ ಮಾತ್ರ ತನ್ನ ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಎಳೆದುಕೊಂಡು ಕೂತಿದ್ದ.

ಚಿತ್ರಕಲೆಯಲ್ಲೂ ಹಾಗೆಯೇ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲೇ ಮುದ್ರಣಾಲಯ ತೆರೆದು ದೇವರ ಚಿತ್ರಗಳನ್ನು ಮನೆಮನೆಗೆ ಕಳಿಸಿದರು. ಅವರ ಲಕ್ಷ್ಮಿ ನಿಂತಿರುವುದು ತಾವರೆಯ ಕೊಳದಲ್ಲಿ. ನಮ್ಮ ಎಷ್ಟು ಉಡುಪಿ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮೇಲೆ ಆ ಕೊಳ ತೂಗಿಲ್ಲ!

ಈಗ ನಿಮ್ಮ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಕೆರೆ ಊರಿನದು, ಸಮುದ್ರ ಮುಂಬಯಿಯದು ಎಂದು ನೀವು ಭಾಗ ಮಾಡಿಬಿಟ್ಟಿದ್ದೀರಿ. ಸ್ವಾಮಿ, ಈ ಮಹಾನಗರ ಕುಡಿಯುವುದು ಕೆರೆಯ ನೀರನ್ನು. 1860ರಲ್ಲಿ ವಿಹಾರ್, 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ, ಆಮೇಲೆ ಮೋಡಕ್ ಸಾಗರ, ಮೇಲಿನ ವೈತರಣಾ, ಭಾತ್ಸಾ, 2014ರಲ್ಲಿ ಮಧ್ಯ ವೈತರಣಾ. ಊರು ಬಿಟ್ಟು ಬಂದ ನಮ್ಮ ಅಜ್ಜಂದಿರು ಕ್ಯಾಂಟೀನಿನಲ್ಲಿ ಲೋಟ ತೊಳೆದದ್ದು, ರಾತ್ರಿಶಾಲೆಯಿಂದ ಬಂದು ಮುಖ ತೊಳೆದದ್ದು ಈ ನೀರಿನಲ್ಲಿ. ನಾಲ್ಕು ತಲೆಮಾರು ಕುಡಿದಿದ್ದೇವೆ. ತಾನ್ಸಾದ ಮೇಲೆ ನಾವು ಎಷ್ಟು ಕವಿತೆ ಬರೆದಿದ್ದೇವೆ? ನಾಡಿನಲ್ಲಿ ಕೆರೆ ತುಂಬಿದರೆ ಬಾಗಿನ ಕೊಡುತ್ತಾರೆ. ಇಲ್ಲಿ ಜುಲೈ ತಿಂಗಳಲ್ಲಿ ಪತ್ರಿಕೆಯ ಮೂಲೆಯಲ್ಲಿ ಶೇಕಡಾವಾರು ಅಂಕಿ ಬರುತ್ತದೆ, ನೀರು ಕಡಿತವಿಲ್ಲ ಎಂದು ತಿಳಿದ ಕೂಡಲೇ ಪುಟ ತಿರುಗಿಸುತ್ತೇವೆ. ಆ ನೀರು ಬರುವ ದೊಡ್ಡ ಕೊಳವೆಗಳ ಪಕ್ಕದಲ್ಲೇ ಗುಡಿಸಲು ಕಟ್ಟಿಕೊಂಡವರು ನಲ್ಲಿಯಿಲ್ಲದೆ ಕೊಡ ಹಿಡಿದು ಅಲೆಯುತ್ತಾರೆ. ಯಕ್ಷನಿದ್ದಿದ್ದರೆ ನಮ್ಮಲ್ಲಿ ಯಾರನ್ನು ಏನು ಕೇಳುತ್ತಿದ್ದ?

ನಾನು ಹುಡುಗನಾಗಿ ಈ ನಗರಕ್ಕೆ ಬಂದಾಗ ಧೋಬಿ ತಲಾವ್, ಅಂದರೆ ಅಗಸರ ಕೆರೆ, ಎಂಬ ಫಲಕ ಓದಿ, ಬಟ್ಟೆ ಒಗೆಯುವ ಕಲ್ಲು ಎಲ್ಲಿದೆ ಎಂದು ಸೋದರಮಾವನನ್ನು ಕೇಳಿದ್ದೆ. ಅವರು ಟ್ರಾಫಿಕ್ ದೀಪದ ಕಡೆಗೆ ಕೈ ತೋರಿಸಿ, “ನಾವು ಅದರ ಮೇಲೆಯೇ ನಡೆಯುತ್ತಿದ್ದೇವೆ ಮಗ” ಎಂದರು. ಗೋವಾಲಿಯಾ ಟ್ಯಾಂಕ್ ದನಗಳ ಮೈ ತೊಳೆಯುತ್ತಿದ್ದ ಕೆರೆ. ಅದರ ಹೆಸರು ಹೊತ್ತ ಮೈದಾನದಲ್ಲೇ 1942ರ ಆಗಸ್ಟ್‌ನಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂಬ ಕೂಗು ಎದ್ದಿತು. ಸಿ.ಪಿ. (ಕಾವಸ್‌ಜಿ ಪಟೇಲ್) ಟ್ಯಾಂಕಿನಲ್ಲೂ ಹೆಸರಷ್ಟೇ ಉಳಿದಿದೆ. ಮಲೇರಿಯಾದ ಭಯದಿಂದ ನಗರದ ಹಲವು ಕೆರೆ ಬಾವಿಗಳನ್ನು ಮುಚ್ಚಿದರು, ಜನ ಸಾಯುತ್ತಿದ್ದಾಗ ಅದು ತಪ್ಪೆಂದು ನಾನು ಹೇಳಲಾರೆ. ಆದರೆ ಮುಚ್ಚಿದ್ದನ್ನು ಮರೆತದ್ದಕ್ಕೆ ಸೊಳ್ಳೆಯನ್ನು ದೂರುವಂತಿಲ್ಲ.

ಉಳಿದಿರುವುದನ್ನಾದರೂ ನೋಡಿಕೊಂಡಿದ್ದೇವೆಯೆ? ಪವಯಿ ಕೆರೆಯನ್ನು 1891ರಲ್ಲಿ ಕುಡಿಯುವ ನೀರಿಗೆಂದು ಕಟ್ಟಿದರು. ನಮ್ಮ ಹಳೆಯ ಕಂಪೋಸಿಟರ್ ಒಬ್ಬರು ಭಾಂಡುಪಿನ ಚಾಳಿನಿಂದ ಭಾನುವಾರ ಅಲ್ಲಿಗೆ ನಡೆದು ಹೋಗಿ, ದಡದಲ್ಲಿ ಬಿಸಿಲು ಕಾಯುವ ಮೊಸಳೆಗಳನ್ನು ನೋಡಿ ಬಂದು, ಸೋಮವಾರ ಅಚ್ಚುಮೊಳೆ ಜೋಡಿಸುತ್ತ ವರ್ಣಿಸುತ್ತಿದ್ದರು. ಈಗ ಕೆರೆ ಕಾಣುವ ಕಿಟಕಿಗೆ ಹೆಚ್ಚು ಬೆಲೆ, ಕೆರೆಗೆ ಮಾತ್ರ ಕೊಳಚೆ ಮತ್ತು ಅಂತರಗಂಗೆ. ಅದರ ಅಂಚಿನಲ್ಲಿ ಸೈಕಲ್ ಹಾದಿ ಹಾಕಲು ಹೊರಟು, 2022ರಲ್ಲಿ ಅದು ಕಾನೂನುಬಾಹಿರ, ತೆಗೆಯಿರಿ ಎಂದು ಮುಂಬಯಿ ಹೈಕೋರ್ಟೇ ಹೇಳಬೇಕಾಯಿತು. ಕೋರ್ಟಿಗೆ ಹೋದವರಿಗೆ ನನ್ನ ನಮಸ್ಕಾರ. ನಮ್ಮ ಸಂಘಸಂಸ್ಥೆಗಳು ಆ ವರ್ಷವೂ ‘ಪರಿಸರ ಮತ್ತು ಸಾಹಿತ್ಯ’ ಎಂಬ ವಿಚಾರಸಂಕಿರಣ ನಡೆಸಿ, ಶಾಲು ಹೊದಿಸಿ, ಊಟ ಮಾಡಿ ಮನೆಗೆ ಹೋದವು. ಅಲ್ಲಿ ಓದಿದ ಪ್ರಬಂಧಗಳಲ್ಲಿ ಒಂದರಲ್ಲಾದರೂ ಪವಯಿಯ ಹೆಸರಿತ್ತೆ ಎಂದು ಹುಡುಕಿ ನಾನು ಸೋತೆ. ಸ್ಪರ್ಧೆಗೆ ಬರುವ ಕವಿತೆಗಳಲ್ಲಿ ಕೆರೆ ಇರುತ್ತದೆ, ಅದಕ್ಕೆ ಹೆಸರಿರುವುದಿಲ್ಲ, ದಡದಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಇದು ನನಗೆ ಕೋಪ ಬರಿಸುವ ಸಂಗತಿ.

ಆದ್ದರಿಂದ ಈ ಅಂಕಣ ಇನ್ನು ಊರಿಗೆ ಸೀಮಿತವಾಗುವುದಿಲ್ಲ. ನೀವು ಬಾಲ್ಯ ಕಳೆದದ್ದು ಠಾಣೆಯಲ್ಲಿ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಮಾಸುಂದಾ ಕೆರೆ ನಿಮ್ಮದೇ ಆಗಿತ್ತಲ್ಲ! ಅದನ್ನು ನೀವೇ ಬರೆಯಬೇಕು, ಬೇರೆಯವರಿಗೆ ಬಿಡುವುದಿಲ್ಲ. ಪುಣೆಯ ಓದುಗರು ಪೇಶ್ವೆಗಳ ಕಾಲದ ಕಾತ್ರಜ್ ಕೆರೆಯನ್ನು ಬರೆಯಲಿ. ಸಾರಸಬಾಗಿನಲ್ಲಿ ಕೆರೆ ಹೋಗಿ ಉದ್ಯಾನವಾದರೂ ಜನ ಇಂದಿಗೂ ‘ತಳ್ಯಾತಲಾ ಗಣಪತಿ’, ಅಂದರೆ ಕೆರೆಯೊಳಗಿನ ಗಣಪತಿ, ಎಂದೇ ಕರೆಯುವುದನ್ನು ಬರೆಯಲಿ. 1961ರ ಜುಲೈ 12ರಂದು ಪಾನ್ಶೆತ್ ಅಣೆಕಟ್ಟು ಒಡೆದಾಗ ಮನೆಮಾರು ಕಳೆದುಕೊಂಡ ಕನ್ನಡ ಕುಟುಂಬಗಳಿದ್ದರೆ, ಹಿರಿಯರು ಇರುವಾಗಲೇ ಕೇಳಿ ಬರೆದಿಡಲಿ. ಗೋವೆಯವರು ಕೊಂಕಣ ರೈಲಿನ ಕರ್ಮಳಿ ನಿಲ್ದಾಣದ ಹತ್ತಿರದ ಕೆರೆಗೆ ಚಳಿಗಾಲದಲ್ಲಿ ಬರುವ ಬಾತುಗಳನ್ನು ಬಲ್ಲರು.

ಬರೆಯುವವರಲ್ಲಿ ಒಂದೇ ಕೋರಿಕೆ. ಸಂಜೆಯ ಬಣ್ಣ ಆಮೇಲೆ ಬರಲಿ. ಮೊದಲು ಕೆರೆಯ ಹೆಸರು, ಕಟ್ಟಿಸಿದವರು, ಅಲ್ಲಿ ಯಾರು ಬಟ್ಟೆ ಒಗೆದರು, ಯಾರನ್ನು ದಡಕ್ಕೆ ಬಿಡಲಿಲ್ಲ, ಈಗ ಬೀಗದ ಕೈ ಯಾರ ಬಳಿಯಿದೆ ಎಂಬುದನ್ನು ತಿಳಿಸಿ. ಕಾಗದದ ಒಂದೇ ಮಗ್ಗುಲಿನಲ್ಲಿ ಬರೆಯಿರಿ.