ಒಂದು ವೋಟಿನ ಸಂತೇಮರಹಳ್ಳಿ ಕ್ಷೇತ್ರ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಹೋಬಳಿ. ನಮ್ಮ ತಾತ ಇವತ್ತಿಗೂ "ನಮ್ಮ ಸಂತೇಮರಹಳ್ಳಿ ಕ್ಷೇತ್ರ" ಎಂದೇ ಹೇಳುತ್ತಾರೆ. ಅಲ್ಲಿ ಒಬ್ಬರು ಒಂದೇ ವೋಟಿನಿಂದ ಗೆದ್ದ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ನಾನು ವೋಟು ಹಾಕುವುದು ಕೊಳ್ಳೇಗಾಲ ಕ್ಷೇತ್ರಕ್ಕೆ. ಹಳೇ ಕ್ಷೇತ್ರ ಏನಾಯಿತು? ಆ ಒಂದು ವೋಟಿನ ಮಾತು ನಿಜವಾ ಸರ್?

ಉತ್ತರ: ತಾತ ಹೇಳಿದ್ದು ಅಕ್ಷರಶಃ ನಿಜ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಿಂದ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ ಬಂದದ್ದು 40,752 ಮತ. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕೃಷ್ಣಮೂರ್ತಿಯವರ ಕಾರಿನ ಡ್ರೈವರ್‌ಗೆ ಅವತ್ತು ವೋಟು ಹಾಕಲು ಬಿಡುವೇ ಸಿಗಲಿಲ್ಲ ಎಂಬ ಮಾತನ್ನೂ ತಾತ ಹೇಳಿರಬೇಕು, ಅಲ್ವಾ? ಅದು ನಿಮ್ಮ ಕಡೆಯ ಜನರ ಬಾಯಲ್ಲೂ ಇದೆ, ಪತ್ರಿಕೆಗಳಲ್ಲೂ ಎಷ್ಟೋ ಸಲ ಬಂದಿದೆ.

ಇಲ್ಲಿ ಒಂದು ವಿಷಯ ಗಮನಿಸಿ. ದೇಶದ ಎಲ್ಲ ಕ್ಷೇತ್ರಗಳಲ್ಲೂ ಮತಯಂತ್ರ ಬಳಸಿದ ಮೊದಲ ಸಾರ್ವತ್ರಿಕ ಚುನಾವಣೆ 2004ರದ್ದು. ಕಾಗದದ ಮತಪತ್ರ ಇದ್ದ ಕಾಲದಲ್ಲಿ ಒಂದು ವೋಟಿನ ಅಂತರ ಬಂದಿದ್ದರೆ, ಮುದ್ರೆ ಗೆರೆ ಮೇಲೆ ಬಿದ್ದಿದೆ, ಇದು ಕುಲಗೆಟ್ಟ ಮತ ಎಂದು ರಾತ್ರಿಯೆಲ್ಲ ವಾದ ನಡೆಯುತ್ತಿತ್ತು. ಯಂತ್ರದ ಲೆಕ್ಕದಲ್ಲಿ ಅಂಥ ವಾದಕ್ಕೆ ಜಾಗ ಕಡಿಮೆ. ಆ ಒಂದು ವೋಟಿನ ಅಂತರವೂ ಇಲ್ಲದೆ ಇಬ್ಬರೂ ಸಮಬಲವಾಗಿದ್ದರೆ? ಆಗ ಚೀಟಿ ಎತ್ತುವುದೇ ಕಾನೂನು. 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೇ ಹಾಗಿದೆ. ಚೀಟಿ ಯಾರ ಹೆಸರಿಗೆ ಬರುತ್ತದೋ ಅವರಿಗೆ ಇನ್ನೊಂದು ಮತ ಸಿಕ್ಕಿದೆ ಎಂದು ಲೆಕ್ಕ ಹಿಡಿಯುತ್ತಾರೆ.

ಇನ್ನು ಕ್ಷೇತ್ರ ಎಲ್ಲಿ ಹೋಯಿತು ಎಂಬುದು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣೆ ಆಯೋಗ 2001ರ ಜನಗಣತಿ ಹಿಡಿದು ಎಲ್ಲ ಗಡಿಗಳನ್ನೂ ಹೊಸದಾಗಿ ಎಳೆಯಿತು. ಕರ್ನಾಟಕದ ಒಟ್ಟು ಸೀಟು 224. ಅದನ್ನು ಹೆಚ್ಚಿಸುವ ಹಾಗಿರಲಿಲ್ಲ. ಅಷ್ಟರಲ್ಲಿ ಬೆಂಗಳೂರು ಬೆಳೆದುಬಿಟ್ಟಿತ್ತು. ರಾಜಧಾನಿಯ ಕ್ಷೇತ್ರಗಳು 28ಕ್ಕೆ ಏರಿದವು. ಆ ಸೀಟುಗಳು ಬೇರೆ ಜಿಲ್ಲೆಗಳಿಂದಲೇ ಬರಬೇಕಿತ್ತು. ಚಾಮರಾಜನಗರ ಜಿಲ್ಲೆಯಲ್ಲಿ ಹನೂರು, ಕೊಳ್ಳೇಗಾಲ, ಸಂತೇಮರಹಳ್ಳಿ, ಚಾಮರಾಜನಗರ, ಗುಂಡ್ಲುಪೇಟೆ ಎಂದು ಐದು ಕ್ಷೇತ್ರಗಳಿದ್ದವು. ಐದು ನಾಲ್ಕಾಯಿತು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಎರಡರಲ್ಲಿ ಕೊಳ್ಳೇಗಾಲ ಉಳಿಯಿತು, ಸಂತೇಮರಹಳ್ಳಿಯ ಹೆಸರು ಅಳಿಸಿಹೋಯಿತು. ಹೊಸ ಗಡಿಯಲ್ಲಿ ವಿಧಾನಸಭೆಗೆ ಚುನಾವಣೆ ನಡೆದ ಮೊದಲ ರಾಜ್ಯವೇ ಕರ್ನಾಟಕ, 2008ರ ಮೇ ತಿಂಗಳಲ್ಲಿ.

ನಿಮ್ಮ ಹೋಬಳಿ ಕೊಳ್ಳೇಗಾಲಕ್ಕೆ ಸೇರಿದ್ದು ಹೀಗೆ. ಹಾಗಾಗಿ ಇವತ್ತಿನ ಕೊಳ್ಳೇಗಾಲ ಕ್ಷೇತ್ರವೆಂದರೆ ಕೊಳ್ಳೇಗಾಲ ತಾಲ್ಲೂಕು ಅಷ್ಟೇ ಎಂದುಕೊಳ್ಳಬೇಡಿ. ಒಂದು ಕಡೆ ರೇಷ್ಮೆ ನೇಯುವ ಕೊಳ್ಳೇಗಾಲ ಪಟ್ಟಣ, ಕಾವೇರಿ ದಂಡೆ. ನಡುವೆ ಸುವರ್ಣಾವತಿ ಹರಿಯುವ ಯಳಂದೂರು ತಾಲ್ಲೂಕು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದ ಪುಟ್ಟ ತಾಲ್ಲೂಕು ಅದು. ಅಲ್ಲಿಂದ ಮೇಲೆ ಹತ್ತಿದರೆ ಬಿಳಿಗಿರಿರಂಗನ ಬೆಟ್ಟ, ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ಕಾಡಿನ ಹಟ್ಟಿಗಳು. ಈ ಕಡೆ ನಿಮ್ಮ ಸಂತೇಮರಹಳ್ಳಿಯ ಬಯಲು. ಕೊಳ್ಳೇಗಾಲದ ಆಚೆ, ಮಲೆ ಮಹದೇಶ್ವರ ಬೆಟ್ಟದ ಕಾಡು ಸೀಮೆ ಹನೂರು ಕ್ಷೇತ್ರಕ್ಕೆ ಸೇರಿದೆ. ಪೇಟೆಯ ನೇಕಾರರು, ಗದ್ದೆಯ ರೈತರು, ಕಾಡಿನ ಜನ, ಮೂವರೂ ಒಬ್ಬರೇ ಶಾಸಕರನ್ನು ಆರಿಸುತ್ತಾರೆ. ಅವರ ಬೇಡಿಕೆಗಳು ಒಂದೇ ಆಗಿರಲು ಸಾಧ್ಯವೇ ಇಲ್ಲ.

ಹೊಸ ಗಡಿಯ ಕೊಳ್ಳೇಗಾಲದಲ್ಲಿ ಮೊದಲು ಗೆದ್ದವರೂ ಧ್ರುವನಾರಾಯಣ ಅವರೇ, 2008ರಲ್ಲಿ. ಮರುವರ್ಷ ಅವರು ಚಾಮರಾಜನಗರದಿಂದ ಲೋಕಸಭೆಗೆ ನಿಂತರು. ಎದುರಾಳಿ ಮತ್ತೆ ಅದೇ ಕೃಷ್ಣಮೂರ್ತಿ, ಈ ಸಲ ಬಿಜೆಪಿಯಿಂದ. ಎಂಟು ವಿಧಾನಸಭಾ ಕ್ಷೇತ್ರಗಳ ಅಷ್ಟು ದೊಡ್ಡ ಕಣದಲ್ಲೂ ಅಂತರ ಸುಮಾರು 4,000 ಮತ ಮಾತ್ರ! 2014ರಲ್ಲಿ ಮೂರನೇ ಸಲ ಇಬ್ಬರೂ ಎದುರುಬದುರಾದರು. ಆಗ ಧ್ರುವನಾರಾಯಣ ಒಂದು ಲಕ್ಷಕ್ಕೂ ಜಾಸ್ತಿ ಮತಗಳಿಂದ ಗೆದ್ದರು. 2019ರಲ್ಲಿ ಮಾತ್ರ ಅದೃಷ್ಟ ಕೈಕೊಟ್ಟಿತು. ಬಿಜೆಪಿಯ ವಿ. ಶ್ರೀನಿವಾಸಪ್ರಸಾದ್ ಎದುರು ಅವರು ಸೋತದ್ದು 1,817 ಮತಗಳಿಂದ.

ವಿಧಾನಸಭೆಯ ಕಥೆ ಬೇರೆ ದಾರಿ ಹಿಡಿಯಿತು. 2009ರ ಉಪಚುನಾವಣೆಯಲ್ಲಿ ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ, 2013ರಲ್ಲಿ ಕಾಂಗ್ರೆಸ್ಸಿನ ಎಸ್. ಜಯಣ್ಣ ಗೆದ್ದರು. 2013ರಲ್ಲಿ ಎರಡನೇ ಸ್ಥಾನಕ್ಕೆ ಬಂದವರು ಬಿಎಸ್‌ಪಿಯ ಎನ್. ಮಹೇಶ್. 2018ರಲ್ಲಿ ಅವರೇ ಗೆದ್ದರು. ಇಡೀ ರಾಜ್ಯದಲ್ಲಿ ಆ ಸಲ ಬಿಎಸ್‌ಪಿ ಗೆದ್ದ ಒಂದೇ ಸೀಟು ಕೊಳ್ಳೇಗಾಲ. ಮಹೇಶ್ ಶಿಕ್ಷಣ ಸಚಿವರಾದರು. ಆ ಗೆಲುವಿನಲ್ಲಿ ಜೆಡಿಎಸ್ ಮೈತ್ರಿಯ ಪಾಲೂ ಇತ್ತು. ಆದರೂ ವರ್ಷಗಟ್ಟಲೆ ಊರೂರು ಸುತ್ತಿ ಕಟ್ಟಿದ ಬಲ ಇಲ್ಲದೆ ಬರೀ ಮೈತ್ರಿಯಿಂದ ಅಂಥ ಗೆಲುವು ಬರುವುದಿಲ್ಲ ಎಂಬುದು ನನ್ನ ಅನಿಸಿಕೆ. ಸತತ ಎರಡು ಚುನಾವಣೆಯ ಅಂಕಿಗಳು ಅದನ್ನೇ ಹೇಳುತ್ತವೆ. 2018ರಲ್ಲಿ ಮಹೇಶ್ ಎದುರು ಸೋತವರು ಯಾರು ಗೊತ್ತಾ? ಕೃಷ್ಣಮೂರ್ತಿ, ಈ ಸಲ ಕಾಂಗ್ರೆಸ್ಸಿನಿಂದ.

ಮುಂದೆ ಮಹೇಶ್ ಅವರನ್ನು ಬಿಎಸ್‌ಪಿ ಉಚ್ಚಾಟಿಸಿತು. 2021ರಲ್ಲಿ ಅವರು ಬಿಜೆಪಿ ಸೇರಿದರು. 2023ರಲ್ಲಿ ಅವರಿಬ್ಬರೇ ಮತ್ತೆ ಎದುರಾದಾಗ ಕೃಷ್ಣಮೂರ್ತಿ 59,000ಕ್ಕೂ ಜಾಸ್ತಿ ಮತಗಳ ಅಂತರದಲ್ಲಿ ಗೆದ್ದರು. ಒಂದು ವೋಟಿನಿಂದ ಸೋತ 19 ವರ್ಷದ ಮೇಲೆ! ಸಂತೇಮರಹಳ್ಳಿ ಹೋಬಳಿಯ ವೋಟೂ ಅದರಲ್ಲಿತ್ತು. ಇದಕ್ಕೆ ಎರಡು ತಿಂಗಳ ಮುಂಚೆ, ಆ ವರ್ಷದ ಮಾರ್ಚ್‌ನಲ್ಲಿ, ಧ್ರುವನಾರಾಯಣ ತೀರಿಕೊಂಡಿದ್ದರು. ಈ ಅಂಕಿಗಳನ್ನು ನೋಡುವಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಪ್ರಶ್ನೆ: ನಾನು ಕೊಳ್ಳೇಗಾಲ ಪೇಟೆಯವಳು. 1952ರಲ್ಲಿ ಮೈಸೂರು ವಿಧಾನಸಭೆಗೆ ನಮ್ಮ ಕೊಳ್ಳೇಗಾಲದಿಂದ ಯಾರು ಗೆದ್ದರು ಎಂದು ಹುಡುಕಿದೆ. ಹೆಸರೇ ಇಲ್ಲ. ದಾಖಲೆ ಕಳೆದುಹೋಗಿದೆಯಾ?

ಉತ್ತರ: ಕಳೆದಿಲ್ಲಮ್ಮ, ನೀವು ಹುಡುಕಿದ ರಾಜ್ಯ ಬೇರೆ. 1956ರ ನವೆಂಬರ್‌ವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೊದಲ ಚುನಾವಣೆಯಲ್ಲಿ ನಿಮ್ಮೂರಿನವರು ವೋಟು ಹಾಕಿದ್ದು ಮದ್ರಾಸ್ ವಿಧಾನಸಭೆಗೆ. ಆ ರಾಜ್ಯದ ಪಟ್ಟಿಯಲ್ಲಿ ನೋಡಿ, ಸಿಗುತ್ತದೆ. ಪಕ್ಕದ ಯಳಂದೂರು ಆಗಲೂ ಮೈಸೂರಿನದೇ. ಇವತ್ತು ಒಂದೇ ಕ್ಷೇತ್ರದಲ್ಲಿರುವ ಈ ಎರಡು ಊರುಗಳು ಮೊದಲ ಚುನಾವಣೆಯಲ್ಲಿ ಎರಡು ರಾಜ್ಯಗಳಿಗೆ ವೋಟು ಹಾಕಿದ್ದವು.

ಪ್ರಶ್ನೆ: ನಮ್ಮ ಹಳ್ಳಿ ಯಾವ ಪಕ್ಷಕ್ಕೆ ಎಷ್ಟು ವೋಟು ಹಾಕಿತು ಎಂದು ತಿಳಿಯಬಹುದಾ? 2004 ಮತ್ತು 2023ನ್ನು ಹೋಲಿಸುವ ಆಸೆ.

ಉತ್ತರ: ಧಾರಾಳವಾಗಿ. ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಂತು ಎಂಬ ಪಟ್ಟಿಗೆ ಫಾರ್ಮ್ 20 ಎನ್ನುತ್ತಾರೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಹಳೆಯದು ಬೇಕಿದ್ದರೆ ಜಿಲ್ಲಾ ಚುನಾವಣಾ ಕಚೇರಿಯಲ್ಲಿ ಕೇಳಿ.

ಹೋಲಿಸುವಾಗ ಒಂದು ಎಚ್ಚರ. ಕ್ಷೇತ್ರದ ಹೆಸರು ಹಿಡಿದು ಹೋಲಿಸಬೇಡಿ. 2004ರ ಕೊಳ್ಳೇಗಾಲವೇ ಬೇರೆ, 2008ರ ನಂತರದ ಕೊಳ್ಳೇಗಾಲವೇ ಬೇರೆ. "ಕೊಳ್ಳೇಗಾಲದಲ್ಲಿ ಈ ಪಕ್ಷದ ಮತ ಇಷ್ಟು ಏರಿತು" ಎಂದು 2004ರ ಅಂಕಿಯ ಪಕ್ಕ 2008ರದ್ದನ್ನು ಇಟ್ಟು ಬರೆಯುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಜನರ ಮನಸ್ಸು ಬದಲಾಗಿದ್ದು ಎಷ್ಟು, ಗಡಿ ಬದಲಾಗಿದ್ದರಿಂದ ಆದದ್ದು ಎಷ್ಟು ಎಂದು ಅದರಲ್ಲಿ ತಿಳಿಯುವುದೇ ಇಲ್ಲ. ಮೊದಲು ನಿಮ್ಮ ಹೋಬಳಿಯ ಹಳ್ಳಿಗಳ ಪಟ್ಟಿ ಮಾಡಿಕೊಳ್ಳಿ. ಆ ಹಳ್ಳಿಗಳ ಮತಗಟ್ಟೆಗಳನ್ನು 2004ರ ಪಟ್ಟಿಯಲ್ಲಿ ಸಂತೇಮರಹಳ್ಳಿ ಹೆಸರಿನ ಕೆಳಗೆ ಹುಡುಕಿ, 2023ರಲ್ಲಿ ಕೊಳ್ಳೇಗಾಲದ ಕೆಳಗೆ. ಮತಗಟ್ಟೆಯ ನಂಬರ್ ನಂಬಬೇಡಿ, ಅದು ಬದಲಾಗುತ್ತಿರುತ್ತದೆ. ಶಾಲೆಯ ಹೆಸರು, ಊರಿನ ಹೆಸರು ನೋಡಿ. ಒಂದು ಭಾನುವಾರದ ಕೆಲಸ. ತಾತ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಯಾವ ಊರಿನವರು ಮೊದಲು ಎಲ್ಲಿಗೆ ಹೋಗಿ ವೋಟು ಹಾಕುತ್ತಿದ್ದರು ಎಂದು ಅವರಿಗೆ ನೆನಪಿರುತ್ತದೆ.